ನಿದ್ರಾನಾಶದ ಚಿಕಿತ್ಸೆಯೂ ವಿಷಣ್ಣತೆಯ ಉಪಶಮನವೂ

ವಿಷಣ್ಣತೆಯಿಂದ ಬಳಲುವವರಲ್ಲಿ ಬಹುಮಂದಿಗೆ ನಿದ್ರೆ ಬಾರದೆಂಬುದು ವೈದ್ಯರು ಬಹುಕಾಲದಿಂದ ಬಲ್ಲ ಸಂಗತಿ. ಆದರೆ ಈ ಎರಡರ ಸಂಬಂಧವನ್ನು ಒಂದೇ ದಿಕ್ಕಿನಿಂದ ನೋಡುವುದು ವಾಡಿಕೆಯಾಗಿತ್ತು: ವಿಷಣ್ಣತೆಯೇ ಮೂಲರೋಗ, ನಿದ್ರಾನಾಶ ಅದರ ಲಕ್ಷಣಮಾತ್ರ, ಮೂಲವು ಗುಣವಾದರೆ ಲಕ್ಷಣವೂ ತೊಲಗುವುದು. ಈ ಎಣಿಕೆ ಪೂರ್ಣವಾಗಿ ನಿಲ್ಲಲಿಲ್ಲ. ಮನಸ್ಸು ತಿಳಿಯಾದ ಮೇಲೂ ಅನೇಕರಲ್ಲಿ ನಿದ್ರಾನಾಶ ಉಳಿಯುತ್ತದೆ. ಹಾಗೆ ಉಳಿದವರಲ್ಲಿ ರೋಗ ಮರುಕಳಿಸುವ ಸಂಭವವೂ ಹೆಚ್ಚು. ಬಾಲ್ಯೋನಿ ಮತ್ತು ಸಂಗಡಿಗರು 2011ರಲ್ಲಿ 21 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ವಿಷಣ್ಣತೆಯಿಲ್ಲದಿದ್ದರೂ ನಿದ್ರಾನಾಶವುಳ್ಳವರಿಗೆ ಮುಂದೆ ವಿಷಣ್ಣತೆ ತಗಲುವ ಸಂಭವ ಇತರರಿಗಿಂತ ಸುಮಾರು ಇಮ್ಮಡಿಯೆಂದು ಕಂಡುಬಂದಿತು. ಹೀಗೆ ಮುಂಚೆ ಬಂದು ಕೊನೆಗೂ ಉಳಿಯುವುದನ್ನು ಬರಿಯ ಲಕ್ಷಣವೆಂದು ಬದಿಗಿಡುವುದು ಹೇಗೆ? 2013ರ ಅಮೆರಿಕದ ಮನೋರೋಗ ವರ್ಗೀಕರಣವು ನಿದ್ರಾನಾಶವನ್ನು ಸ್ವತಂತ್ರ ವ್ಯಾಧಿಯೆಂದೇ ಎಣಿಸಿತು.

ಔಷಧವಿಲ್ಲದೆ ಇದನ್ನು ಗುಣಪಡಿಸುವ ಕ್ರಮವೇ ವರ್ತನ ಚಿಕಿತ್ಸೆ. ಅದರ ಎರಡು ಅಂಗಗಳನ್ನು ಇಲ್ಲಿ ವಿವರಿಸುತ್ತೇವೆ. ಮೊದಲನೆಯದು 1972ರಲ್ಲಿ ರಿಚರ್ಡ್ ಬೂಟ್ಜಿನ್ ಸೂಚಿಸಿದ್ದು. ರಾತ್ರಿಗಟ್ಟಲೆ ಹೊರಳಾಡಿದವನಿಗೆ ಹಾಸಿಗೆಯೇ ಎಚ್ಚರದ ಸಂಕೇತವಾಗಿಬಿಡುತ್ತದೆ. ಆದುದರಿಂದ ತೂಕಡಿಕೆ ಬಂದಾಗ ಮಾತ್ರ ಮಲಗಬೇಕು. ನಿದ್ರೆ ಹತ್ತದಿದ್ದರೆ ಎದ್ದು ಬೇರೆಡೆಗೆ ಹೋಗಬೇಕು. ಬೆಳಗ್ಗೆ ಏಳುವ ಹೊತ್ತು ಎಂದೂ ತಪ್ಪಬಾರದು. ಎರಡನೆಯದು ಆರ್ಥರ್ ಸ್ಪೀಲ್ಮನ್ 1987ರಲ್ಲಿ ಪ್ರಕಟಿಸಿದ ಶಯನಕಾಲದ ಮಿತಿ. ಎಂಟು ಗಂಟೆ ಮಲಗಿ ಆರು ಗಂಟೆ ಮಾತ್ರ ನಿದ್ರಿಸುವವನಿಗೆ ಹಾಸಿಗೆಯಲ್ಲಿ ಆರೇ ಗಂಟೆಯ ಅವಕಾಶ. ನಿದ್ರೆಯ ಹಸಿವು ಬಲಿತು ನಿದ್ರೆ ಗಟ್ಟಿಯಾದಂತೆಲ್ಲ ಅವಧಿಯನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾರೆ. ಇವುಗಳೊಡನೆ ನಿದ್ರೆಯನ್ನು ಕುರಿತ ಅತಿಭಯವನ್ನು ತಿದ್ದುವ ಸಂಭಾಷಣೆಯೂ ಸೇರಿರುತ್ತದೆ.

ಇದರಿಂದ ವಿಷಣ್ಣತೆ ತಗ್ಗುವುದೆ? 2008ರಲ್ಲಿ ರೇಚಲ್ ಮ್ಯಾನ್‌ಬರ್ ಮತ್ತು ಸಂಗಡಿಗರು ಎರಡು ವ್ಯಾಧಿಗಳೂ ಇದ್ದ 30 ಮಂದಿಗೆ ಒಂದೇ ಔಷಧವನ್ನು ಕೊಟ್ಟರು. ಜೊತೆಗೆ ನಿದ್ರಾಚಿಕಿತ್ಸೆಯನ್ನೂ ಪಡೆದವರಲ್ಲಿ ಶೇಕಡ 61.5ರಷ್ಟು ಮಂದಿ, ಉಳಿದವರಲ್ಲಿ ಶೇಕಡ 33.3ರಷ್ಟು ಮಂದಿ ವಿಷಣ್ಣತೆಯಿಂದ ಬಿಡುಗಡೆ ಹೊಂದಿದರು. ಆದರೆ 2016ರಲ್ಲಿ 150 ಮಂದಿಯ ಪರೀಕ್ಷೆಯ ಫಲ ಪ್ರಕಟವಾದಾಗ ಎರಡು ತಂಡಗಳ ನಡುವೆ ಅಂಥ ನಿಶ್ಚಿತ ಅಂತರ ಕಾಣಲಿಲ್ಲ. ತಡೆಯುವ ವಿಷಯದಲ್ಲಿ ಮಾತ್ರ ಆಧಾರ ಹೆಚ್ಚು ದೃಢವಾಗಿದೆ. ಮೈಕೆಲ್ ಅರ್ವಿನ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್‌ನಲ್ಲಿ ನಿದ್ರಾನಾಶವಿದ್ದ, ಆಗ ವಿಷಣ್ಣತೆಯಿಲ್ಲದ, 60 ವರ್ಷ ದಾಟಿದ 291 ಮಂದಿಯನ್ನು ಮೂರು ವರ್ಷ ಗಮನಿಸಿದರು. ನಿದ್ರೆಯ ಬಗ್ಗೆ ತಿಳಿವಳಿಕೆಯನ್ನು ಮಾತ್ರ ಪಡೆದವರಲ್ಲಿ ಶೇಕಡ 25.9ರಷ್ಟು ಮಂದಿಗೆ ವಿಷಣ್ಣತೆ ಬಂದಿತು. ವರ್ತನ ಚಿಕಿತ್ಸೆ ಪಡೆದವರಲ್ಲಿ ಶೇಕಡ 12.2ರಷ್ಟು ಮಂದಿಗೆ ಮಾತ್ರ.

ಆದುದರಿಂದ ನಿದ್ರಾಚಿಕಿತ್ಸೆಯು ವಿಷಣ್ಣತೆಯ ಚಿಕಿತ್ಸೆಗೆ ಬದಲಿಯಲ್ಲ, ಸಹಕಾರಿ ಎಂದು ಹೇಳುವುದೇ ಯುಕ್ತವೆಂದು ನಾವು ಭಾವಿಸುತ್ತೇವೆ. ಉನ್ಮಾದದ ಪ್ರವೃತ್ತಿಯುಳ್ಳವರಲ್ಲಿ ನಿದ್ರೆಯ ಕಡಿತವೇ ಉನ್ಮಾದವನ್ನು ಕೆರಳಿಸಬಹುದಾದ್ದರಿಂದ ಶಯನಮಿತಿಯನ್ನು ತಜ್ಞರ ಸಲಹೆಯಿಲ್ಲದೆ ಕೈಕೊಳ್ಳಬಾರದು. ಆದರೆ ‘ನಿದ್ರೆ ಬಾರದು’ ಎಂದು ಹೇಳಿಕೊಂಡು ಬರುವ ವಿದ್ಯಾರ್ಥಿಯ ಮಾತನ್ನು ಇನ್ನು ಮೇಲೆ ಯಾವ ಅಧ್ಯಾಪಕನೂ ಹಗುರವಾಗಿ ಕಾಣುವಂತಿಲ್ಲ. ಮುಂದೆ ಬರಬಹುದಾದ ವ್ಯಾಧಿಯ ಮೊದಲ ಸೂಚನೆ ಅದಾಗಿರಬಹುದು.