ಕಾಲಿನ ಮೂಳೆಯ ದವಡೆಗೆ ಹಲ್ಲು

ಎರಡು ಗಾಜಿನ ಪಟ್ಟಿಗಳ ನಡುವೆ ಒಂದು ಹನಿ ನೀರು ಹಾಕಿ ಒತ್ತಿ. ನೇರವಾಗಿ ಎಳೆದು ಬಿಡಿಸುವುದು ಕಷ್ಟ. ಹಲ್ಲಿಲ್ಲದ ಬಾಯಲ್ಲಿ ದಂತಪಂಕ್ತಿ ನಿಲ್ಲಲು ನೆರವಾಗುವುದೂ ಇಂಥದೇ ತೆಳುವಾದ ಲಾಲಾರಸದ ಪದರ.

ಪಾಲಬಾವಿ ಇರುವ ಬೆಳಗಾವಿ ಜಿಲ್ಲೆಯಲ್ಲೇ ತಂಬಾಕಿಗೆ ಹೆಸರಾದ ನಿಪ್ಪಾಣಿಯೂ ಇದೆ. ತಂಬಾಕು ಬಾಯಿಯ ಕ್ಯಾನ್ಸರಿಗೆ ಮುಖ್ಯ ಕಾರಣ. ರೋಗ ದವಡೆಗೆ ಹಬ್ಬಿದರೆ ಮೂಳೆಯನ್ನೇ ಕತ್ತರಿಸಿ, ಕಾಲಿನ ಫಿಬುಲಾ ಮೂಳೆಯ ತುಂಡನ್ನು ರಕ್ತನಾಳಸಹಿತ ಕಸಿ ಮಾಡುತ್ತಾರೆ. ದೇಹದ ಭಾರವನ್ನು ಬಹುಪಾಲು ಟಿಬಿಯಾ ಹೊರುವುದರಿಂದ ರೋಗಿ ಮತ್ತೆ ನಡೆಯಬಲ್ಲ.

ಆದರೆ ಹೊಸ ದವಡೆಯಲ್ಲಿ ವಸಡಿನ ದಿಂಡು ಇರುವುದಿಲ್ಲ. ವಿಕಿರಣ ಚಿಕಿತ್ಸೆಯಾಗಿದ್ದರೆ ಲಾಲಾರಸವೂ ಕಡಿಮೆ. ಪಂಕ್ತಿ ಜಾರುತ್ತದೆ. ಆಗ ಟೈಟೇನಿಯಂ ತಿರುಪುಗಳೇ ಆಸರೆ. ಈ ಲೋಹಕ್ಕೆ ಮೂಳೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳಲ್ಲಿ ಕಂಡರು. 1965ರಲ್ಲಿ ರೋಗಿಗೆ ಅಳವಡಿಸಿದರು.

ಇನ್ನೊಂದು ತೊಡಕಿದೆ. ಫಿಬುಲಾದ ದಪ್ಪ ಸುಮಾರು 15 ಮಿಲಿಮೀಟರ್; ಹಲ್ಲಿದ್ದ ದವಡೆಯ ಎತ್ತರ ಅದರ ಸುಮಾರು ಇಮ್ಮಡಿ. ಹೀಗಾಗಿ ಕೃತಕ ಹಲ್ಲು ಉದ್ದವಾಗಬೇಕು. 10 ಮಿಲಿಮೀಟರ್ ಎತ್ತರದಲ್ಲಿ 100 ನ್ಯೂಟನ್ ಅಡ್ಡಬಲ ಬಿದ್ದರೆ ಬುಡದಲ್ಲಿ ಭ್ರಾಮಕ 1 ನ್ಯೂಟನ್-ಮೀಟರ್. ಎತ್ತರ 20 ಆದರೆ 2. ಅದಕ್ಕೇ ಕೆಲವೊಮ್ಮೆ ಫಿಬುಲಾವನ್ನು ಮಡಚಿ ಎರಡು ಪದರವಾಗಿ ಕೂರಿಸುತ್ತಾರೆ; ತಿರುಪುಗಳನ್ನು ಲೋಹದ ಸರಳಿನಿಂದ ಜೋಡಿಸಿ ಬಲ ಹಂಚುತ್ತಾರೆ.

ಸನ್ನೆಯ ಪಾಠ ಮಾಡುವಾಗ ಈ ಉದಾಹರಣೆ ಹೇಳಿ ನೋಡಿ. ತಂಬಾಕಿನ ಮಾತು ತಾನಾಗಿಯೇ ಬರುತ್ತದೆ.