ಚಲನಚಿತ್ರದ ನಾಂದಿ: ಮೊದಲ ಷಾಟಿನ ವಿಚಾರ

ನಾಟಕಕ್ಕೆ ನಾಂದಿಯಿರುವಂತೆ, ಕಾವ್ಯಕ್ಕೆ ಪೀಠಿಕೆಯಿರುವಂತೆ ಚಲನಚಿತ್ರಕ್ಕೂ ಒಂದು ಉಪಕ್ರಮವುಂಟು. ಮೊದಲ ನಿಮಿಷದಲ್ಲಿ ತೋರುವ ಮೂರು ನಾಲ್ಕು ಷಾಟುಗಳೇ ಆ ಉಪಕ್ರಮ. ಕೈಯಲ್ಲಿರುವ ಮೊಬೈಲಿನಿಂದಲೇ ಚಿತ್ರ ತೆಗೆಯಲು ಹೊರಡುವ ಇಂದಿನ ವಿದ್ಯಾರ್ಥಿಗಳು ಕಥೆ, ಸಂಭಾಷಣೆ, ವೇಷಭೂಷಣಗಳನ್ನು ಕುರಿತು ಬಹಳ ಚಿಂತಿಸುತ್ತಾರೆ. ಮೊದಲ ಷಾಟನ್ನು ಮಾತ್ರ ಸ್ಥಳಕ್ಕೆ ಹೋದ ಮೇಲೆ ನೋಡಿಕೊಳ್ಳೋಣವೆಂದು ಬಿಟ್ಟುಬಿಡುತ್ತಾರೆ. ಇದು ಉಚಿತವಲ್ಲ.

ನಮ್ಮ ಚಂಪೂಕವಿಗಳು ಕಡಲಿನಿಂದ ತೊಡಗಿ ದ್ವೀಪ, ನಾಡು, ಪುರ, ಅರಮನೆ ಎಂದು ಕ್ರಮವಾಗಿ ಒಳಗಿಳಿದು ಕಥಾನಾಯಕನ ಬಳಿಗೆ ಬರುತ್ತಿದ್ದರು. ದೂರದ ಲಾಂಗ್ ಷಾಟಿನಿಂದ ಮುಖದ ಕ್ಲೋಸಪ್ಪಿಗೆ ಬರುವ ಸಿನಿಮಾ ಪದ್ಧತಿಯೂ ಅದೇ ಜಾಡಿನದು. ಜಾಡು ತಪ್ಪಲ್ಲ, ಆದರೆ ಕವಿಗೆ ನೂರಾರು ಪದ್ಯಗಳ ವಿರಾಮವಿತ್ತು, ಐದು ನಿಮಿಷದ ಚಿತ್ರಕ್ಕೆ ಅದಿಲ್ಲ.

ನಮ್ಮ ದುರ್ಗದ ಹುಡುಗರು ಮೊದಲು ಆರಿಸಿಕೊಳ್ಳುವ ವಸ್ತು ಸಾಮಾನ್ಯವಾಗಿ ಒನಕೆ ಓಬವ್ವನದೇ. ಕಹಳೆಯ ಮುದ್ದಹನುಮ ಊಟಕ್ಕೆ ಕುಳಿತಿದ್ದಾಗ ನೀರು ತರಲು ಹೋದ ಅವನ ಹೆಂಡತಿ, ಬಂಡೆಗಳ ಸಂದಿನಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡು ಒನಕೆ ಹಿಡಿದು ನಿಂತಳೆಂಬುದು ಜನಶ್ರುತಿ. 1779ರಲ್ಲಿ ಕೋಟೆ ಹೈದರನ ವಶವಾಯಿತು. ಓಬವ್ವ ಮಾತ್ರ ಜನರ ನಾಲಗೆಯ ಮೇಲೆ ಉಳಿದಳು. ಈ ಕಥೆಗೆ ಹುಡುಗರು ಬರೆದುಕೊಳ್ಳುವ ಮೊದಲ ಷಾಟು ಬಹುಮಟ್ಟಿಗೆ ಒಂದೇ: ಏಳು ಸುತ್ತಿನ ಕೋಟೆಯ ವಿಸ್ತಾರದ ನೋಟ, ಅದೂ ಸಾಧ್ಯವಾದರೆ ಡ್ರೋನಿನಿಂದ. ಆ ಗರುಡದೃಷ್ಟಿ ಯಾರದು? ಕಥೆಯೊಳಗೆ ಹಾರುವವರು ಯಾರೂ ಇಲ್ಲ. ಪ್ರವಾಸಿಗಳ ಕೈಪಿಡಿಗೆ ಅದು ಭೂಷಣವಾದೀತು.

ಕ್ಯಾಮೆರಾ ನಿಂತ ಎಡೆಯಲ್ಲಿಯೇ ಪ್ರೇಕ್ಷಕನೂ ನಿಲ್ಲುತ್ತಾನೆ. ಈ ಒಂದು ಮಾತನ್ನು ಕಿಂಡಿಯ ಮುಂದೆ ನಿಂತು ಯೋಚಿಸಿ ನೋಡಿ. ಕ್ಯಾಮೆರಾವನ್ನು ಕಿಂಡಿಯ ಹೊರಗಿಟ್ಟು ಒಳಗೆ ನೋಡಿದರೆ, ಪ್ರೇಕ್ಷಕನು ತನಗೆ ಅರಿವಿಲ್ಲದೆಯೇ ಹೈದರನ ಸೈನಿಕನಾಗುತ್ತಾನೆ. ಒಳಗಿನ ಕತ್ತಲೆಗೆ ಅಂಜುತ್ತಾನೆ. ಒಳಗಿಟ್ಟು ಹೊರಗೆ ನೋಡಿದರೆ ಓಬವ್ವನ ಕಣ್ಣು ಅವನದಾಗುತ್ತದೆ. ಸಂದಿನ ಬೆಳಕಿನ ಗೀರನ್ನು ಒಂದು ತಲೆ ಮುಚ್ಚುವುದನ್ನು ಕಾಣುತ್ತಾನೆ. ಕಲ್ಲು ಅದೇ, ಕಥೆ ಅದೇ, ರಸವೇ ಬೇರೆ. ಎರಡನ್ನೂ ಬೆರೆಸಿ ಮೊದಲ ನಿಮಿಷದಲ್ಲೇ ಅತ್ತಿತ್ತ ಹಾರಿದರೆ ಯಾವುದೂ ನಿಲ್ಲದು. ನನ್ನ ಅಭಿಪ್ರಾಯದಲ್ಲಿ ಕಿಂಡಿಯನ್ನೂ ತಡೆದಿಟ್ಟು, ಬರಿಗೊಡ, ಅದನ್ನೆತ್ತುವ ಕೈ, ಮೂಲೆಗೊರಗಿದ ಒನಕೆ ಎಂಬಿಷ್ಟರಿಂದ ತೊಡಗುವುದು ಮೇಲು. ಒನಕೆಯನ್ನು ಒಮ್ಮೆ ಸುಮ್ಮನೆ ತೋರಿಸಿಟ್ಟರೆ ಸಾಕು. ಆನಂದವರ್ಧನನು ಧ್ವನಿಯೆಂದು ಕರೆದುದು ಅಲ್ಲಿಂದಲೇ ಕೆಲಸ ಮಾಡತೊಡಗುತ್ತದೆ.

ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಚಿತ್ರದಲ್ಲಿ ಓಬವ್ವ ಹಾಡಿನ ರೂಪದಲ್ಲಿ ಬರುತ್ತಾಳೆ. ಜಯಂತಿಯವರ ಆ ಪಾತ್ರವನ್ನು ಮರೆತವರಿಲ್ಲ. ಅದನ್ನು ಅನುಕರಿಸುವ ಆಸೆ ಸಹಜ. ಆದರೆ ಅದು ಕಥೆಯೊಂದರ ನಡುವೆ ಬರುವ ಪ್ರಸಂಗ. ಅಷ್ಟು ಹೊತ್ತಿಗೆ ಪ್ರೇಕ್ಷಕನ ಮನಸ್ಸು ದುರ್ಗದಲ್ಲಿ ನೆಲೆಸಿರುತ್ತದೆ. ನಿಮ್ಮ ಚಿತ್ರಕ್ಕೆ ಆ ಸಿದ್ಧತೆಯಿಲ್ಲ.

ಹಿರಿಯೂರಿನವರು ವಾಣಿವಿಲಾಸ ಸಾಗರವನ್ನು ಕುರಿತು ಚಿತ್ರ ತೆಗೆದರೂ ಇದೇ ವಿವೇಚನೆ ಬೇಕು. 1933ರ ಬಳಿಕ ಅದರ ಕೋಡಿ ಹರಿದದ್ದು 2022ರಲ್ಲಿ. ತುಂಬಿದ ನೀರಿನಿಂದ ತೊಡಗಿದರೆ ಆ 89 ವರ್ಷಗಳ ಕಾಯುವಿಕೆ ಕಾಣಿಸದು. ಒಣಗಿದ ಕೋಡಿಯ ಕಲ್ಲಿನಿಂದ ತೊಡಗಿದರೆ ಕಾಣುತ್ತದೆ.

ಬೆಳಕಿನ ಬಗ್ಗೆ ಎರಡು ಮಾತು. ನಡುಹಗಲಿನಲ್ಲಿ ನಮ್ಮ ಬಂಡೆಗಳು ಉಬ್ಬುತಗ್ಗು ಕಳೆದುಕೊಂಡು ಬಿಳಿಚಿಕೊಳ್ಳುತ್ತವೆ. ಎಳಬಿಸಿಲಿನಲ್ಲಿ ನೆರಳು ಉದ್ದವಾಗಿ ಕಲ್ಲಿನ ಮೈ ತಿಳಿಯುತ್ತದೆ. ಕಿಂಡಿಯೊಳಗಿನಿಂದ ಹೊರಗೆ ನೋಡುವಾಗ ಮೊಬೈಲು ತಾನಾಗಿಯೇ ಬೆಳಕನ್ನು ಹೆಚ್ಚುಕಡಿಮೆ ಮಾಡುತ್ತ ಚಿತ್ರವನ್ನು ಮಿನುಗಿಸುತ್ತದೆ. ಹೊರಗಿನ ಪ್ರಕಾಶಮಾನವಾದ ಭಾಗವನ್ನು ಬೆರಳಿನಿಂದ ಒತ್ತಿ ಹಿಡಿದು ಬೆಳಕಿನ ಪ್ರಮಾಣವನ್ನು ಸ್ಥಿರಗೊಳಿಸಿಕೊಂಡರೆ ಒಳಗಿನ ಆಕೃತಿ ಕಪ್ಪು ನೆರಳಾಗಿ ಸ್ಪಷ್ಟವಾಗುತ್ತದೆ.

ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಚಿತ್ರೀಕರಣಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಅದು ಬರುವವರೆಗೆ ಶಾಲೆಯ ಎರಡು ಗೋಡೆಗಳ ಇಕ್ಕಟ್ಟಿನಲ್ಲಿ ಒಬ್ಬನನ್ನು ನುಸುಳಿಸಿ, ಒಮ್ಮೆ ಹೊರಗಿನಿಂದ, ಒಮ್ಮೆ ಒಳಗಿನಿಂದ ತೆಗೆದು ಹೋಲಿಸಿ ನೋಡಬಹುದು.