ಶೀತ ಮರುಭೂಮಿಯ ಚಂಚಲ ವಸಂತ

ಮಾರ್ಚ್ ಬಂತೆಂದರೆ ನಮ್ಮಲ್ಲಿ ಬಿಸಿಲು ಏರುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಬೆಳಿಗ್ಗೆ ಬಿಸಿಲಿದ್ದರೂ ಸಂಜೆಗೆ ಹಿಮ ಬೀಳಬಹುದು. ಏಕೆ?

ಲಡಾಖ್ ಶೀತ ಮರುಭೂಮಿ. ಮುಂಗಾರು ಮೋಡಗಳನ್ನು ಹಿಮಾಲಯ ಬಹುಮಟ್ಟಿಗೆ ತಡೆಯುತ್ತದೆ. ಚಳಿಗಾಲದಿಂದ ವಸಂತದ ಆರಂಭದವರೆಗೆ ಇಲ್ಲಿ ಹಿಮ ಸುರಿಸುವುದು ಮೆಡಿಟರೇನಿಯನ್ ಕಡೆಯಿಂದ ಒಂದರ ಹಿಂದೊಂದು ಬರುವ ವಾಯುಕ್ಷೋಭೆಗಳು. ಅವುಗಳ ಆಗಮನವನ್ನು ಉಪಗ್ರಹಗಳ ನೆರವಿನಿಂದ ಮೊದಲೇ ತಿಳಿಯಬಹುದು. ಆದರೆ ಯಾವ ಕಣಿವೆಗೆ ಎಷ್ಟು ಹಿಮ ಎಂದು ಹೇಳುವುದು ಕಷ್ಟ. ಬೆಟ್ಟದ ಒಂದು ಮಗ್ಗುಲಲ್ಲಿ ಸುರಿದು ಇನ್ನೊಂದು ಮಗ್ಗುಲು ಒಣಗಿರುವುದೂ ಉಂಟು.

ಹಿಮ ಹೆಚ್ಚಾದರೆ ಜೋಜಿಲಾ ಹೆದ್ದಾರಿಯಲ್ಲಿ ಹಿಮಕುಸಿತದ ಭಯ. ಕಡಿಮೆಯಾದರೆ ಬಾರ್ಲಿ ಬಿತ್ತನೆಗೆ ನೀರಿನ ಅಭಾವ. ಬಿತ್ತನೆಯ ವೇಳೆಗೆ ನೀರು ಒದಗಲೆಂದೇ ಎಂಜಿನಿಯರ್ ಚೆವಾಂಗ್ ನಾರ್ಫೆಲ್ ಹಳ್ಳಿಗಳ ಬಳಿ ಕೃತಕ ಹಿಮನದಿಗಳನ್ನು ನಿರ್ಮಿಸಿದರು. 2015ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.